ಒಂದೇ ದೇಹದಲ್ಲಿ ಎರಡು ಒಪಿಯಾಯ್ಡ್: ನೋವಿನ ಔಷಧಗಳ ಸಂಯೋಜನೆ ಮತ್ತು ಸುರಕ್ಷತೆ

ಮಾರ್ಫಿನ್ ಮತ್ತು ಆಕ್ಸಿಕೊಡೋನ್ ಎಂಬ ಎರಡು ಒಪಿಯಾಯ್ಡ್ (ಅಫೀಮು ಬಗೆಯ) ನೋವುನಿವಾರಕಗಳನ್ನು 3:2ರ ಪ್ರಮಾಣದಲ್ಲಿ ಒಂದೇ ಕ್ಯಾಪ್ಸೂಲಿಗೆ ತುಂಬಿದ ‘ಮಾಕ್ಸ್‌ಡುಯೊ’ ಎಂಬ ಔಷಧ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಮುಂದೆ ಬಂದಿತ್ತು. ಎರಡೂ ಜೊತೆಗಿದ್ದರೆ ನೋವು ಅಷ್ಟೇ ತಗ್ಗುತ್ತದೆ, ಉಸಿರಾಟಕ್ಕೆ ಆಗುವ ತೊಂದರೆ ಮಾತ್ರ ಕಡಿಮೆಯಾಗುತ್ತದೆ ಎಂಬುದು ತಯಾರಕರ ವಾದ. 2014ರ ಏಪ್ರಿಲ್‌ನಲ್ಲಿ ಸಲಹಾ ಸಮಿತಿಯ 14 ಸದಸ್ಯರೂ ಅನುಮೋದನೆ ಬೇಡವೆಂದು ಮತ ಹಾಕಿದರು. 12 ಮಿ.ಗ್ರಾಂ ಮಾರ್ಫಿನ್‌ಗೆ 8 ಮಿ.ಗ್ರಾಂ ಆಕ್ಸಿಕೊಡೋನ್ ಕೂಡಿದರೆ ಅದು ಸುಮಾರು 24 ಮಿ.ಗ್ರಾಂ ಮಾರ್ಫಿನ್‌ಗೆ ಸಮ. ಈ ಲೆಕ್ಕವನ್ನು ಮೀರಿದ ಸುರಕ್ಷತೆಯೊಂದು ಸಂಯೋಜನೆಯಲ್ಲಿ ಅಡಗಿದೆ ಎಂಬುದು ಸಮಿತಿಗೆ ಮನವರಿಕೆಯಾಗಲಿಲ್ಲ.

ಮನವರಿಕೆಯಾಗದಿದ್ದುದು ಸಹಜ. ಎರಡೂ ಔಷಧಗಳು ಮುಖ್ಯವಾಗಿ ನರಕೋಶಗಳ ಮೇಲಿರುವ ಮ್ಯೂ ಎಂಬ ಗ್ರಾಹಕಗಳ ಮೂಲಕವೇ ನೋವನ್ನು ತಗ್ಗಿಸುತ್ತವೆ. ಉಸಿರಾಟದ ಲಯ ಹೊಮ್ಮುವ ಮೆದುಳಿನ ಕಾಂಡದಲ್ಲೂ ಇರುವುದು ಅದೇ ಗ್ರಾಹಕಗಳು. ಹಾಗೆಂದು ‘ಎರಡು ಒಪಿಯಾಯ್ಡ್ ಎಂದೂ ಕೂಡದು’ ಎಂಬ ಕಟ್ಟುನಿಟ್ಟಿನ ನಿಯಮಕ್ಕೆ ಬರುವುದೂ ತಪ್ಪು. ಸಂಯೋಜನೆಯ ಅಪಾಯವನ್ನು ಔಷಧಗಳ ಸಂಖ್ಯೆಯಿಂದ ಅಳೆಯಲಾಗದು. ಯಾವುದು ಗ್ರಾಹಕವನ್ನು ಹೇಗೆ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿದಿರುತ್ತದೆ, ಗ್ರಾಹಕದ ಆಚೆಗೆ ಇನ್ನೇನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಅಳೆಯಬೇಕು ಎಂಬುದು ಈ ಲೇಖನದ ನಿಲುವು.

ಕ್ಯಾನ್ಸರ್ ನೋವಿನ ಚಿಕಿತ್ಸೆಯಲ್ಲಿ ದೀರ್ಘಾವಧಿಯ ಮಾರ್ಫಿನ್ ಮಾತ್ರೆಯ ಜೊತೆ, ನಡುವೆ ನೋವು ಉಕ್ಕಿದಾಗ ನುಂಗಲು ಬೇಗ ಕೆಲಸ ಮಾಡುವ ಮಾರ್ಫಿನ್ ಕೊಡುವುದು ವಾಡಿಕೆ. ದಿನದ ಒಟ್ಟು ಪ್ರಮಾಣದ ಹತ್ತನೇ ಒಂದರಿಂದ ಆರನೇ ಒಂದು ಭಾಗ ಈ ಹೆಚ್ಚುವರಿ ಡೋಸಿಗೆ ಮೀಸಲು. ಇಲ್ಲಿ ಔಷಧ ಒಂದೇ, ವೇಗ ಮಾತ್ರ ಬೇರೆ. ಮಾರ್ಫಿನ್‌ನಿಂದ ಫೆಂಟನಿಲ್ ಪ್ಯಾಚಿಗೆ ದಾಟುವಾಗ ಲೆಕ್ಕ ಸೂಕ್ಷ್ಮವಾಗುತ್ತದೆ. ಪ್ಯಾಚ್ ಅಂಟಿಸಿದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ಏರಲು 12ರಿಂದ 24 ಗಂಟೆ ಬೇಕು. ತೆಗೆದ ಮೇಲೆ ಅದು ಅರ್ಧಕ್ಕಿಳಿಯಲು ಸುಮಾರು 17 ಗಂಟೆ. ಅಂಟಿಸಿದ ರಾತ್ರಿಯೇ ‘ನೋವು ಹೋಗಲಿಲ್ಲ’ ಎಂದು ಮಾರ್ಫಿನ್ ಏರಿಸಿದರೆ ಮರುದಿನ ಎರಡೂ ಒಟ್ಟಿಗೆ ಉತ್ತುಂಗಕ್ಕೇರಬಹುದು. ಜ್ವರವಿದ್ದರೆ, ಪ್ಯಾಚಿನ ಮೇಲೆ ಬಿಸಿನೀರಿನ ಚೀಲವಿಟ್ಟರೆ, ಚರ್ಮ ಹೀರುವ ಪ್ರಮಾಣವೂ ಹೆಚ್ಚುತ್ತದೆ.

ಇದಕ್ಕೆ ತೀರಾ ವಿರುದ್ಧವಾದ ಅಪಾಯವೊಂದು ನಮ್ಮ ವಾರ್ಡುಗಳಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಭಾರತದ ಆಸ್ಪತ್ರೆಗಳಲ್ಲಿ ಪೆಂಟಾಜೋಸಿನ್ ಇಂಜೆಕ್ಷನ್ ಬಹುಕಾಲದಿಂದ ಬಳಕೆಯಲ್ಲಿದೆ. ಅದು ಕಪ್ಪಾ ಎಂಬ ಇನ್ನೊಂದು ಗ್ರಾಹಕವನ್ನು ಚುರುಕುಗೊಳಿಸುತ್ತದೆ, ಮ್ಯೂ ಗ್ರಾಹಕದಲ್ಲಿ ಮಾರ್ಫಿನ್‌ಗೆ ಅಡ್ಡಿಯಾಗುತ್ತದೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಯಿಂದ ಮಾರ್ಫಿನ್ ಪಡೆದು ಊರಿಗೆ ಮರಳಿದ ರೋಗಿಗೆ, ನೋವು ಹೆಚ್ಚಾದಾಗ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಪೆಂಟಾಜೋಸಿನ್ ಕೊಟ್ಟರೆ ಏನಾದೀತು? ಉಸಿರು ಕುಗ್ಗುವ ಬದಲು ಬೆವರು, ಹೊಟ್ಟೆ ನುಲಿತ, ಚಡಪಡಿಕೆ, ನೋವಿನ ಮರುಕಳಿಕೆ ಕಾಣಿಸಿಕೊಳ್ಳಬಹುದು. ಇವು ಔಷಧ ತಟ್ಟನೆ ನಿಂತಾಗಿನ ಲಕ್ಷಣಗಳು. ಕಾಯಿಲೆ ಉಲ್ಬಣಿಸಿತೆಂದು ತಪ್ಪು ತಿಳಿಯುವುದು ಸುಲಭ. ಬುಪ್ರೆನಾರ್ಫಿನ್ ಎಂಬ ಮತ್ತೊಂದು ಒಪಿಯಾಯ್ಡ್ ಮ್ಯೂ ಗ್ರಾಹಕವನ್ನು ಬಿಗಿಯಾಗಿ ಹಿಡಿದರೂ ಪೂರ್ತಿ ಚುರುಕುಗೊಳಿಸುವುದಿಲ್ಲ. ಹೆಚ್ಚು ಮಾರ್ಫಿನ್‌ಗೆ ಒಗ್ಗಿಕೊಂಡವರಿಗೆ ದಿಢೀರನೆ ಕೊಟ್ಟರೆ ಅದೂ ಇದೇ ಪರಿಣಾಮ ತರಬಹುದು. ಆದರೆ ಏಳು ದಿನದ ಕಡಿಮೆ ಪ್ರಮಾಣದ ಬುಪ್ರೆನಾರ್ಫಿನ್ ಪ್ಯಾಚ್ ಇರುವಾಗಲೂ ಮಾರ್ಫಿನ್ ಕೆಲಸ ಮಾಡುತ್ತದೆ. ಡೋಸ್ ಹೇಳದೆ ಈ ಜೋಡಿಯ ಬಗ್ಗೆ ತೀರ್ಪು ಕೊಡಲಾಗದು.

ನಮ್ಮಲ್ಲಿ ಹೆಚ್ಚು ಕಾಳಜಿ ಬೇಕಾದದ್ದು ಟ್ರಾಮಡಾಲ್ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಚಿಕಿತ್ಸೆಗಾಗಿ 1986ರಲ್ಲಿ ರೂಪಿಸಿದ ಮೂರು ಮೆಟ್ಟಿಲುಗಳ ಏಣಿಯಲ್ಲಿ ಎರಡನೆಯದು ದುರ್ಬಲ ಒಪಿಯಾಯ್ಡ್‌ಗಳದ್ದು; ಟ್ರಾಮಡಾಲ್ ನಿಂತಿರುವುದು ಅಲ್ಲೇ. ದುರ್ಬಲವೆಂದರೆ ನಿರುಪದ್ರವಿ ಎಂಬ ಭಾವನೆ ವೈದ್ಯರಲ್ಲೂ ಇದೆ. ಒಂದು ಕಲ್ಪಿತ ಪ್ರಸಂಗ: ಮಂಡಿನೋವಿಗೆ ಮೂಳೆ ವೈದ್ಯರು ದಿನಕ್ಕೆ 300 ಮಿ.ಗ್ರಾಂ ಟ್ರಾಮಡಾಲ್ ಬರೆದಿದ್ದಾರೆ, ಕಾಲುರಿಗೆ ನರತಜ್ಞರು 100 ಮಿ.ಗ್ರಾಂ ಟಪೆಂಟಡಾಲ್, ಕೆಮ್ಮಿಗೆ ಬಡಾವಣೆಯ ಡಾಕ್ಟರು ದಿನಕ್ಕೆ 30 ಮಿ.ಗ್ರಾಂ ಕೋಡೀನ್ ಸೇರುವ ಸಿರಪ್. ಯಾವ ಚೀಟಿಯಲ್ಲೂ ಮಾರ್ಫಿನ್ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರ ಮಾರ್ಗಸೂಚಿಯಲ್ಲಿ ಕೊಟ್ಟ, ಮಾರ್ಫಿನ್‌ಗೆ ಸಮೀಕರಿಸುವ ಗುಣಾಂಕಗಳಿಂದ ಲೆಕ್ಕ ಹಾಕಿದರೆ ಟ್ರಾಮಡಾಲ್ 60, ಟಪೆಂಟಡಾಲ್ 40, ಕೋಡೀನ್ 4.5; ಒಟ್ಟು 104.5 ಮಿ.ಗ್ರಾಂ ಮಾರ್ಫಿನ್‌ಗೆ ಸಮ. ದಿನಕ್ಕೆ 50 ದಾಟುವ ಮೊದಲೇ ನಿಂತು ಲಾಭ-ಹಾನಿಯನ್ನು ತೂಗಿ ನೋಡಿ ಎನ್ನುತ್ತದೆ ಅದೇ ಮಾರ್ಗಸೂಚಿ.

ಈ ಮೊತ್ತವೂ ಪೂರ್ತಿ ಕತೆ ಹೇಳುವುದಿಲ್ಲ. ಟ್ರಾಮಡಾಲ್ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮರುಹೀರಿಕೆಯನ್ನೂ ತಡೆಯುತ್ತದೆ. ಹೀಗಾಗಿ ಫಿಟ್ಸ್ ಬರುವ, ಸೆರೊಟೋನಿನ್ ಅತಿಯಾಗುವ ಅಪಾಯ ಮಾರ್ಫಿನ್ ಗುಣಾಂಕದಲ್ಲಿ ಕಾಣುವುದೇ ಇಲ್ಲ. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಕೋಡೀನನ್ನು ಮಾರ್ಫಿನ್ ಆಗಿಯೂ ಟ್ರಾಮಡಾಲನ್ನು ಅದರ ಪ್ರಬಲ ರೂಪವಾಗಿಯೂ ಮಾರ್ಪಡಿಸುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಈ ಕಿಣ್ವವನ್ನು ತಡೆದು ಟ್ರಾಮಡಾಲ್‌ನ ನೋವುಶಮನವನ್ನು ಕುಂದಿಸುತ್ತದೆ, ಸೆರೊಟೋನಿನ್ ಭಾರವನ್ನು ಹೆಚ್ಚಿಸುತ್ತದೆ. ನೋವು ತಗ್ಗಲಿಲ್ಲವೆಂದು ಡೋಸ್ ಏರಿಸಿದರೆ ಏರುವುದು ಬಹುಪಾಲು ಅಪಾಯವೇ.

ಮಧ್ಯಮ ಪ್ರಮಾಣದ ಕ್ಯಾನ್ಸರ್ ನೋವಿಗೆ ಎರಡು ದುರ್ಬಲ ಔಷಧ ಪೇರಿಸುವುದಕ್ಕಿಂತ ಕಡಿಮೆ ಪ್ರಮಾಣದ ಮಾರ್ಫಿನ್ ಒಂದೇ ಮೇಲು ಎಂದು ನನ್ನ ಅಭಿಪ್ರಾಯ. 2016ರಲ್ಲಿ ಪ್ರಕಟವಾದ, 240 ರೋಗಿಗಳ ಇಟಲಿಯ ಅಧ್ಯಯನದಲ್ಲಿ ದುರ್ಬಲ ಒಪಿಯಾಯ್ಡ್‌ಗಿಂತ ಕಡಿಮೆ ಪ್ರಮಾಣದ ಮಾರ್ಫಿನ್ ನೋವನ್ನು ಚೆನ್ನಾಗಿ ತಗ್ಗಿಸಿತು. 2018ರ ತನ್ನ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಏಣಿಯನ್ನು ಅನುಬಂಧಕ್ಕೆ ಸರಿಸಿತು. ಮೂತ್ರಪಿಂಡ ಸೋತವರಲ್ಲಿ ಮಾತ್ರ ಮಾರ್ಫಿನ್‌ನ ಸಕ್ರಿಯ ಉಪವಸ್ತುಗಳು ರಕ್ತದಲ್ಲಿ ಸೇರಿಕೊಳ್ಳುವುದರಿಂದ ಬೇರೆ ಔಷಧ ಹುಡುಕಬೇಕು. ನಿದ್ರೆ ಮಾತ್ರೆಗಳಾದ ಬೆಂಜೊಡಯಾಜಪೈನ್‌ಗಳ ಜೊತೆಗಿನ ಒಪಿಯಾಯ್ಡ್ ಬಳಕೆಗೆ ಎಫ್‌ಡಿಎ 2016ರಲ್ಲೇ ಅತ್ಯುನ್ನತ ಎಚ್ಚರಿಕೆ ಕೊಟ್ಟಿದೆ.

ಕಾನೂನಿನ ನೆರವು ಸೀಮಿತ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಮಾರ್ಫಿನ್ ದೊರೆಯುವುದನ್ನೇ ದುರ್ಲಭವಾಗಿಸಿತು, 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು, ಟ್ರಾಮಡಾಲ್ 2018ರಲ್ಲಿ ಅದರ ವ್ಯಾಪ್ತಿಗೆ ಬಂತು. ಕಾಯ್ದೆ ಕಾಯುವುದು ಸರಕಿನ ಹರಿವನ್ನು. ಒಬ್ಬರೇ ರೋಗಿಯ ಮೂರು ಚೀಟಿಗಳನ್ನು ಎದುರುಬದುರು ಇಡುವ ಕೆಲಸ ಅದರದಲ್ಲ. ಅಮೆರಿಕದ ರಾಜ್ಯಗಳಲ್ಲಿ ಅದಕ್ಕೆ ವಿದ್ಯುನ್ಮಾನ ದಾಖಲೆಗಳಿವೆ, ನಮ್ಮಲ್ಲಿ ಬಹುತೇಕ ರೋಗಿಯ ಕೈಯ ಪ್ಲಾಸ್ಟಿಕ್ ಫೈಲೇ ದಾಖಲೆ. ಆ ಫೈಲಿನಲ್ಲಿ ಕೆಮ್ಮಿನ ಸಿರಪ್ಪಿನ ಚೀಟಿ ಇರುವುದು ಅಪರೂಪ, ಕೇಳಿಯೇ ತಿಳಿಯಬೇಕು. ಉಸಿರು ಕುಗ್ಗಿ ತುರ್ತು ಘಟಕಕ್ಕೆ ಬಂದವರಿಗೆ ಒಪಿಯಾಯ್ಡ್ ಪರಿಣಾಮ ತೊಡೆಯುವ ನಲಾಕ್ಸೋನ್ ಕೊಡುವಾಗಲೂ ಈ ವಿವರ ಬೇಕಾಗುತ್ತದೆ: ಅದು ಕುಗ್ಗಿದ ಉಸಿರನ್ನು ಮರಳಿಸೀತು, ಟ್ರಾಮಡಾಲ್ ತಂದ ಫಿಟ್ಸ್ ನಿಲ್ಲಿಸದು.