ವಿ.ಪಿ.ಪಿ.ಯಿಂದ ಚೌಕುಳಿ ಚೀಟಿಯವರೆಗೆ

ಹಳೆಯ ಪತ್ರಿಕೆಗಳ ಜಾಹೀರಾತಿನ ಕೆಳಗೆ, ಬೇಕಾದವರಿಗೆ ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದೆಂಬ ಒಕ್ಕಣೆ ಇರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಭಾರತದ ಅಂಚೆ ಇಲಾಖೆ ಈ ಏರ್ಪಾಡನ್ನು ಆರಂಭಿಸಿದ್ದು 1877ರಲ್ಲಿ. ಅಂಚೆಯವನು ಬೆಲೆ ಪಡೆದುಕೊಂಡು ಕಟ್ಟನ್ನು ಒಪ್ಪಿಸುತ್ತಿದ್ದ. ಆ ಹಣ ಮಾರಿದವನಿಗೆ ತಲುಪುತ್ತಿತ್ತು. ಪುಸ್ತಕವನ್ನೋ ಔಷಧಿಯನ್ನೋ ಮಾರುವ ಸಣ್ಣ ವರ್ತಕ, ಮುಖವನ್ನೇ ಕಾಣದ ಗಿರಾಕಿಯನ್ನು ನಂಬಬೇಕಾಗಿರಲಿಲ್ಲ. ಇಬ್ಬರೂ ಅಂಚೆಯವನನ್ನು ನಂಬಿದರೆ ಸಾಕಿತ್ತು.

ದೊಡ್ಡ ಸಾಹುಕಾರರಿಗೆ ಇದರ ಹಂಗಿರಲಿಲ್ಲ. ಅವರ ಬಳಿ ಹುಂಡಿಯಿತ್ತು. ದರ್ಶನಿ ಹುಂಡಿಗೆ ಕಂಡೊಡನೆ ಹಣ, ಮುದ್ದತಿ ಹುಂಡಿಗೆ ಗೊತ್ತಾದ ದಿನ ಕಳೆದ ಮೇಲೆ ಹಣ. ಆದರೆ ಹುಂಡಿ ನಡೆಯುತ್ತಿದ್ದುದು ಪೇಟೆಯಲ್ಲಿ ಹೆಸರಿದ್ದವರ ನಡುವೆ. ಸೊಪ್ಪು ಮಾರುವವಳ ಹೆಸರಿಗೆ ಯಾವ ಪೇಟೆಯಲ್ಲಿ ಬೆಲೆ?

ಮುಂದೆ ಬಂದ ಬ್ಯಾಂಕ್ ಕಾರ್ಡುಗಳೂ ಅವಳನ್ನು ಹೊರಗೇ ನಿಲ್ಲಿಸಿದವು. ಅಂಗಡಿಯಲ್ಲಿ ಯಂತ್ರ ಇರಬೇಕು, ಅದಕ್ಕೆ ಬಾಡಿಗೆ ತೆರಬೇಕು, ಪ್ರತಿ ವ್ಯವಹಾರಕ್ಕೂ ಶೇಕಡಾವಾರು ಶುಲ್ಕ ಕೊಡಬೇಕು. ಹತ್ತು ರೂಪಾಯಿಯ ಚಹಾದಲ್ಲಿ ಇದಕ್ಕೆಲ್ಲ ಎಡೆಯೆಲ್ಲಿ!

ಈ ತೊಡಕನ್ನು ಬಿಡಿಸಿದ್ದು ಒಂದು ಚೀಟಿ. ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು 1994ರಲ್ಲಿ ಕ್ಯೂಆರ್ ಕೋಡ್ ರೂಪಿಸಿದ್ದು ಮೋಟಾರು ಬಿಡಿಭಾಗಗಳ ಲೆಕ್ಕವಿಡಲು. ಸಂಸ್ಥೆ ಪೇಟೆಂಟ್ ಹಕ್ಕನ್ನು ಚಲಾಯಿಸದೆ ಬಿಟ್ಟದ್ದರಿಂದ ಅದು ಎಲ್ಲರ ಸೊತ್ತಾಯಿತು. ಇತ್ತ ಭಾರತದ ರಾಷ್ಟ್ರೀಯ ಪಾವತಿ ನಿಗಮ 2010ರಲ್ಲಿ, ಹಗಲಿರುಳೂ ಖಾತೆಯಿಂದ ಖಾತೆಗೆ ಹಣ ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿತ್ತು. ಅದರ ತಳಹದಿಯ ಮೇಲೆ 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಅದೇ ನವೆಂಬರ್ 8ರ ನೋಟು ರದ್ದತಿ, ಒಲ್ಲದವರನ್ನೂ ಅದರತ್ತ ನೂಕಿತು. ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಯಂತ್ರವು ಮಾರುವವನ ಕೈಯಿಂದ ಕೊಳ್ಳುವವನ ಕೈಗೆ ದಾಟಿತು. ಅಂಗಡಿಯವನು ಚೌಕುಳಿ ಚೀಟಿಯನ್ನು ಅಂಟಿಸಿದರಾಯಿತು. ಅದನ್ನು ಓದುವ ಕೆಲಸ ಗಿರಾಕಿಯ ಫೋನಿನದು. ಹಣ ಬಂತೆಂದು ಕನ್ನಡದಲ್ಲೇ ಕೂಗಿ ಹೇಳುವ ಪೆಟ್ಟಿಗೆಯೂ ಆಮೇಲೆ ಬಂತು. ಎಣ್ಣೆ ಕೈಯಲ್ಲಿ ಬೋಂಡಾ ಕರಿಯುವವನಿಗೆ ಅದರ ಉಪಕಾರ ಸಣ್ಣದಲ್ಲ.

2020ರ ಜನವರಿಯಿಂದ ಯುಪಿಐಗೆ ವರ್ತಕರಿಂದ ಶುಲ್ಕ ಪಡೆಯಕೂಡದೆಂದು ಕೇಂದ್ರ ಸರ್ಕಾರ ಕಟ್ಟುಮಾಡಿತು. ಬ್ಯಾಂಕುಗಳ ಖರ್ಚಿನ ಒಂದು ಪಾಲನ್ನು ಬೊಕ್ಕಸ ಹೊತ್ತಿತು.

ಆದರೆ ಚೀಟಿಯ ಜೊತೆಗೇ ಒಂದು ಖಾತೆಪುಸ್ತಕವೂ ತಾನಾಗಿ ಬರೆಯಲ್ಪಡುತ್ತಿತ್ತು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನು ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳುಹಿಸಿದಾಗಲೇ ಅದು ಅನೇಕರ ಅರಿವಿಗೆ ಬಂದದ್ದು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿದ ಸರಕು ವಹಿವಾಟಿಗೆ, 20 ಲಕ್ಷ ಮೀರಿದ ಸೇವೆಗೆ ಜಿಎಸ್‌ಟಿ ನೋಂದಣಿ ಅಗತ್ಯವೆಂಬುದು ಇಲಾಖೆಯ ವಾದ. ಬೆಂಗಳೂರಿನ ಹಲವು ಅಂಗಡಿಗಳು ಚೀಟಿ ಕಿತ್ತು, ನಗದು ಮಾತ್ರ ಎಂಬ ಫಲಕ ತೂಗುಹಾಕಿದವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 23ರಂದು ಭರವಸೆಯಿತ್ತರು.

ಕಾನೂನು ಇಲಾಖೆಯ ಕಡೆಗಿರಬಹುದು. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರದ್ದಲ್ಲ. ಭಾವಮೈದುನ ಕೊಟ್ಟ ಕೈಸಾಲವೂ ಅಲ್ಲೇ, ತೆರಿಗೆಯಿಲ್ಲದ ಹಾಲು ತರಕಾರಿಯ ಹಣವೂ ಅಲ್ಲೇ. ಇವನ್ನು ಬೇರ್ಪಡಿಸಿ ಬರೆದಿಡುವ ಅಭ್ಯಾಸ ಸಣ್ಣ ಅಂಗಡಿಯವನಿಗಿಲ್ಲ, ಅದನ್ನು ಅವನಿಗೆ ಯಾರೂ ಕಲಿಸಿಯೂ ಇರಲಿಲ್ಲ.