ಸತುವಿನ ಎರಡು ವಿಳಾಸ

ಆಹಾರದಲ್ಲಿ ಸತು ಇಲ್ಲದಿದ್ದರೆ ಇಲಿಯ ಬೆಳವಣಿಗೆ ಕುಂಠಿತವಾಗುತ್ತದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟಾಡ್, ಎಲ್ವೆಹೆಮ್, ಹಾರ್ಟ್ 1934ರಲ್ಲೇ ತೋರಿಸಿಕೊಟ್ಟರು. ಅದೇ ಸತು ಅಳತೆ ಮೀರಿದರೆ ಜೀವಕೋಶಕ್ಕೆ ವಿಷ. ಕೋಶ ಇದನ್ನು ಹದ್ದುಬಸ್ತಿನಲ್ಲಿ ಇಡುವ ಬಗೆಯ ಮೊದಲ ಸುಳಿವು ಸಿಕ್ಕಿದ್ದು ಇಲಿಯಲ್ಲಲ್ಲ, ಕುದುರೆಯಲ್ಲಿ. 1957ರಲ್ಲಿ ಮಾರ್ಗೋಶಸ್ ಮತ್ತು ವ್ಯಾಲಿ ಅದರ ಮೂತ್ರಪಿಂಡದಲ್ಲಿ ಲೋಹ ಹಿಡಿದಿಡುವ ಪ್ರೋಟೀನೊಂದನ್ನು ಕಂಡರು. ಮುಂದೆ ಮೆಟಾಲೋಥಿಯೋನೀನ್ ಎಂದು ಹೆಸರಾದ ಈ ಪುಟ್ಟ ಪ್ರೋಟೀನಿನ ಒಂದು ಅಣು 7 ಸತು ಅಯಾನುಗಳನ್ನು ಹಿಡಿದಿಡಬಲ್ಲದು.

ಹಿಡಿದಿಡುವುದೇನೋ ಸರಿ, ಹೆಚ್ಚಾದದ್ದನ್ನು ಹೊರಹಾಕುವವರು ಯಾರು?

ಉತ್ತರ 1995ರಲ್ಲಿ ಬಂತು. ಪಾಮಿಟರ್ ಮತ್ತು ಫಿಂಡ್ಲಿ ಸತುವನ್ನು ತಾಳಲಾರದ ಹ್ಯಾಮ್‌ಸ್ಟರ್ ಕೋಶಗಳನ್ನು ಆರಿಸಿಕೊಂಡು, ಇಲಿಯ ಮೂತ್ರಪಿಂಡದಿಂದ ತಯಾರಿಸಿದ ಡಿಎನ್‌ಎ ಪ್ರತಿಗಳನ್ನು ಅವುಗಳೊಳಗೆ ಸೇರಿಸಿದರು. ಸತುವಿನಲ್ಲೂ ಬದುಕುವ ಶಕ್ತಿ ಕೊಟ್ಟ ಜೀನ್‌ಗೆ ಝಡ್‌ಎನ್‌ಟಿ-1 ಎಂದು ಹೆಸರಾಯಿತು. ಪ್ರೋಟೀನಿನ ಬಾಲಕ್ಕೆ ಗುರುತಿನ ತುಣುಕೊಂದನ್ನು ಅಂಟಿಸಿ, ಪ್ರತಿಕಾಯದ ನೆರವಿನಿಂದ ಹುಡುಕಿದಾಗ ಅದು ಕೋಶದ ಹೊರಪೊರೆಯಲ್ಲೇ ಇತ್ತು. ಅದರ ಕೆಲಸ ಸತುವನ್ನು ಆಚೆ ದಾಟಿಸುವುದು.

ಮರುವರ್ಷ ಕೋಲ್ ಅವರನ್ನೂ ಜೊತೆಗೂಡಿಸಿಕೊಂಡು ಅದೇ ಜಾಡಿನಲ್ಲಿ ಹೆಕ್ಕಿದ ಝಡ್‌ಎನ್‌ಟಿ-2 ಇನ್ನೂ ಸ್ವಾರಸ್ಯದ್ದು. 359 ಅಮೈನೊ ಆಮ್ಲಗಳ ಈ ಪ್ರೋಟೀನಿನ ಬರಹ ಎಲ್ಲರಂತೆ ಎಟಿಜಿಯಿಂದಲ್ಲ, ಸಿಟಿಜಿ ಸಂಕೇತದಿಂದ ಆರಂಭವಾಗುತ್ತದೆ. ಪೊರೆಯನ್ನು ಆರು ಬಾರಿ ಹಾಯುವ ಒಟ್ಟು ವಿನ್ಯಾಸ ಅಣ್ಣನದೇ. ಆದರೆ ಅಮೈನೊ ಆಮ್ಲಗಳ ಹೋಲಿಕೆ ಬರೀ 26%. ಇದೂ ಕೋಶವನ್ನು ಸತುವಿನಿಂದ ಕಾಪಾಡಿತು. ಫಲ ಒಂದೇ ಆದ್ದರಿಂದ ಕೆಲಸವೂ ಒಂದೇ ಎಂದುಕೊಳ್ಳುವುದು ಸುಲಭವಿತ್ತು. ಸತುವಿಗೆ ಹೊಳೆಯುವ ಜಿಂಕ್ವಿನ್ ಬಣ್ಣ ಹಾಕಿ ನೋಡಿದಾಗ ಚಿತ್ರ ಬೇರೆಯೇ ಇತ್ತು: ಲೋಹ ಹೊರಗೆ ಹೋಗಿರಲಿಲ್ಲ, ಕೋಶದೊಳಗಿನ ಆಮ್ಲೀಯ ಚೀಲಗಳಲ್ಲಿ ತುಂಬಿಕೊಂಡಿತ್ತು. ಸತು ಹೆಚ್ಚು ಹೊತ್ತು ಸಿಕ್ಕಂತೆ ಆ ಚೀಲಗಳು ದೊಡ್ಡವಾಗುತ್ತ ಹೋದವು. ಒಂದು ಆಚೆ ದೂಡುತ್ತದೆ, ಇನ್ನೊಂದು ಕೂಡಿಡುತ್ತದೆ. ಜೀನ್‌ನ ಅಕ್ಷರಗಳನ್ನಷ್ಟೇ ಓದಿ ಈ ವ್ಯತ್ಯಾಸವನ್ನು ಹೇಳಲಾಗುತ್ತಿರಲಿಲ್ಲ. ಪ್ರೋಟೀನು ಎಲ್ಲಿ ಕುಳಿತಿದೆ ಎಂದು ಕಣ್ಣಾರೆ ನೋಡಲೇಬೇಕಿತ್ತು.

ಪ್ರಯೋಗಶಾಲೆಯ ಕೋಶಗಳ ಮಾತು ಇಡೀ ಪ್ರಾಣಿಗೂ ಹೊಂದುತ್ತದೆಯೇ? 1998ರಲ್ಲಿ ಮ್ಯಾಕ್‌ಮೇಹನ್ ಮತ್ತು ಕಸಿನ್ಸ್ ಇಲಿಯ ಸಣ್ಣಕರುಳನ್ನು ಪರೀಕ್ಷಿಸಿದರು. ಅಲ್ಲಿ ಝಡ್‌ಎನ್‌ಟಿ-1 ಇದ್ದದ್ದು ಅನ್ನ ಹಾಯುವ ಬದಿಯಲ್ಲಲ್ಲ, ರಕ್ತದ ಕಡೆಗಿನ ಪೊರೆಯಲ್ಲಿ. ಅಂದರೆ ಕರುಳಿನಲ್ಲಿ ಅದು ವಿಷ ನಿವಾರಕಕ್ಕಿಂತ ಹೆಚ್ಚಾಗಿ ದೇಹಕ್ಕೆ ಸತು ಒದಗಿಸುವ ಬಾಗಿಲು.

ಝಡ್‌ಎನ್‌ಟಿ-2ರ ಮಹತ್ವ ಮನುಷ್ಯರಲ್ಲಿ ತಿಳಿದದ್ದು 2006ರಲ್ಲಿ. ಈ ಜೀನ್‌ನಲ್ಲಿ ದೋಷವಿದ್ದ ತಾಯಂದಿರ ಎದೆಹಾಲಿನಲ್ಲಿ ಸತು ತೀರಾ ಕಡಿಮೆಯಿತ್ತು. ಇಂಥ ತಾಯಿಗೆ ಸತುವಿನ ಮಾತ್ರೆ ಕೊಟ್ಟರೆ ಹಾಲು ಸರಿಹೋಗುವುದಿಲ್ಲ. ಸತುವನ್ನು ನೇರವಾಗಿ ಮಗುವಿಗೇ ಕೊಡಬೇಕಾಗುತ್ತದೆ.