ಒಂದೇ ತಿಜೋರಿ, ಬೇರೆ ಬೇರೆ ಡಬ್ಬಿ

ಟಂಕಶಾಲೆ ಇದ್ದ ಸೀಮೆ

ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಶಾಲೆ ಇತ್ತು. ಗದಗ ಬಳಿಯ ಲಕ್ಕುಂಡಿಯ ‘ಲೊಕ್ಕಿ ಗದ್ಯಾಣ’ವಂತೂ ಶಾಸನಗಳಲ್ಲಿ ಹೆಸರು ಮಾಡಿದ ನಾಣ್ಯ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಎರಡು ಬಗೆ: ಹಿರಿಯರು ಬಿಟ್ಟುಹೋದ ರಾಣಿ ಛಾಪಿನ, ರಾಜನ ಛಾಪಿನ ಬೆಳ್ಳಿ ರೂಪಾಯಿ, ಅಕ್ಷಯ ತೃತೀಯಕ್ಕೋ ದೀಪಾವಳಿಗೋ ಕೊಂಡ ಬಂಗಾರದ ನಾಣ್ಯ. ಲಕ್ಷ್ಮೀಪೂಜೆ ಮುಗಿದ ಮೇಲೆ ಎರಡೂ ಅರಿಷಿಣ-ಕುಂಕುಮದ ಸಮೇತ ಒಂದೇ ಡಬ್ಬಿ ಸೇರುತ್ತವೆ. ತಿಜೋರಿ ಒಂದೇ ಇರಲಿ, ಅಡ್ಡಿಯಿಲ್ಲ. ತಪ್ಪುವುದು ಡಬ್ಬಿಯಲ್ಲಿ.

ಬಂಗಾರಕ್ಕೆ ಗೀರು, ಬೆಳ್ಳಿಗೆ ಕಪ್ಪು

ಗಾಳಿ, ನೀರು ಬಂಗಾರವನ್ನು ಕೆಡಿಸಲಾರವು. ಆದರೆ 24 ಕ್ಯಾರೆಟ್ ಬಂಗಾರ ಬಹಳ ಮೆತ್ತಗೆ; ಪಕ್ಕದ ನಾಣ್ಯಕ್ಕೆ ತಿಕ್ಕಿದರೂ ಗೀರು ಬೀಳುತ್ತದೆ. ಬೆಳ್ಳಿಯ ಕಥೆ ಬೇರೆ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಅದರ ಮೈಮೇಲೆ ಬೆಳ್ಳಿ ಸಲ್ಫೈಡ್ ಕಟ್ಟುತ್ತದೆ: ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ತೇವವಿದ್ದರೆ ಇದು ಚುರುಕಾಗುತ್ತದೆ. ಒದ್ದೆಯಲ್ಲಿ ಎರಡೂ ಲೋಹ ತಾಗಿಕೊಂಡಿದ್ದರೆ ಅದರ ಪೆಟ್ಟೂ ಬೆಳ್ಳಿಗೇ. ಒಣಗಿದ ಜಾಗದಲ್ಲಿ ಬೇರೆ ಬೇರೆ ಇಟ್ಟರೆ ಈ ಚಿಂತೆ ಇಲ್ಲ.

ಹಳೆಯ ರೂಪಾಯಿಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ವಿಕ್ಟೋರಿಯಾ ರಾಣಿಯ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಶೇ 91.7 ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ಶೇ 40 ತಾಮ್ರ, ಉಳಿದದ್ದು ನಿಕ್ಕೆಲ್ ಮತ್ತು ಸತು. ತಾಮ್ರದ ದೆಸೆಯಿಂದ ಇದಕ್ಕೆ ಹಸಿರು ಕಿಲುಬು ಹಿಡಿಯಬಹುದು. 1947ರದ್ದು ಬರೀ ನಿಕ್ಕೆಲ್. ಅದನ್ನು ಬೆಳ್ಳಿಯೆಂದು ಜೋಪಾನ ಮಾಡುವವರು ಈಗಲೂ ಇದ್ದಾರೆ.

ಯಾವುದರಲ್ಲಿ ಸುತ್ತಬೇಕು

ಕಂಬಳಿ ತುಂಡಿನಲ್ಲಿ ಸುತ್ತಿಟ್ಟರೆ ಬೆಚ್ಚಗೆ ಭದ್ರವಾಗಿರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಉಣ್ಣೆಯಲ್ಲೇ ಗಂಧಕವಿದೆ. ರಬ್ಬರ್ ಬ್ಯಾಂಡಿನಲ್ಲೂ ಇದೆ. ಕಟ್ಟಿದ ಕಡೆ ಕಪ್ಪು ಗೆರೆ ಮೂಡುತ್ತದೆ. ಮೆತ್ತನೆಯ ಪಿವಿಸಿ ಚೀಲ ಹಳತಾದಂತೆ ಅಂಟಂಟಾಗಿ ನಾಣ್ಯವನ್ನು ಕೆಡಿಸುತ್ತದೆ. ಪ್ರತಿ ನಾಣ್ಯಕ್ಕೂ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳದ ಕ್ಯಾಪ್ಸೂಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ ಸಾಕು. ಬೆಳ್ಳಿಯ ಡಬ್ಬಿಗೆ ಸಿಲಿಕಾ ಜೆಲ್ ಪುಡಿಕೆ ಹಾಕಿ, ಮಳೆಗಾಲದಲ್ಲಿ ಬದಲಿಸಿದರಾಯಿತು. ಸೀಲ್ ಮಾಡಿದ ಪ್ಯಾಕಿನ ಬಂಗಾರದ ನಾಣ್ಯವನ್ನು ಪೂಜೆಗೂ ಬಿಚ್ಚಬಾರದು. ಬಿಚ್ಚಿದರೆ ಮಾರುವಾಗ ಮತ್ತೆ ಶುದ್ಧತೆಯ ಪರೀಕ್ಷೆ ಎದುರಾಗಬಹುದು.

ಹುಣಸೆಹಣ್ಣು ದೂರವಿರಲಿ

ಸಮೆ, ತಂಬಿಗೆ ತಿಕ್ಕಿದ ಹಾಗೆ ನಾಣ್ಯವನ್ನು ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ಅಚ್ಚು ಸವೆಯುತ್ತದೆ. ಹಳೆಯ ನಾಣ್ಯ ಸಂಗ್ರಹಿಸುವವರು ಹೊಳಪಿಗಿಂತ ಸವೆಯದ ಮೈಗೆ ಹೆಚ್ಚು ಬೆಲೆ ಕೊಡುತ್ತಾರೆ. ಬೆಳ್ಳಿಯ ಮೇಲೆ ಕಪ್ಪು ಕಟ್ಟಿದ್ದರೂ ಅದರ ತೂಕ ಕುಂದಿತೆಂದು ಹೆದರಬೇಕಿಲ್ಲ. ಕುಂಕುಮ ಹತ್ತಿದ್ದರೆ ತಿಳಿನೀರಲ್ಲಿ ಅದ್ದಿ, ಹತ್ತಿ ಬಟ್ಟೆಯಲ್ಲಿ ಒತ್ತಿ, ಪೂರ್ತಿ ಒಣಗಿಸಿ ಇಡಬೇಕು. ಬೆವರಿದ ಕೈಯಲ್ಲಿ ಹಿಡಿಯುವುದಾದರೆ ಅಂಚನ್ನಷ್ಟೇ ಹಿಡಿಯಬೇಕು.

ನೆಲ, ಹೊಳೆ, ಲಾಕರ್

ಗಡಿಗೆಯಲ್ಲಿಟ್ಟು ಹೂಳುವ ಕಾಲ ಹೋಯಿತು, ಹೋದದ್ದೇ ಒಳ್ಳೆಯದು. ಈ ಸೀಮೆಯ ಎರಿ ಮಣ್ಣು ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಣ್ಣಿನ ಲವಣ ತಾಗಿದ ಬೆಳ್ಳಿ ಬರಬರುತ್ತ ಬೆಳ್ಳಿ ಕ್ಲೋರೈಡ್ ಆಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿದ್ದನ್ನು ಕಂಡವರಿಗೆ ತಿಜೋರಿಯ ಕೆಳಗಿನ ಖಾನೆ ಎಷ್ಟು ಭದ್ರ ಎಂದು ಹೇಳಬೇಕಿಲ್ಲ.

ಬ್ಯಾಂಕ್ ಲಾಕರಿಗೂ ಮಿತಿಯಿದೆ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಗೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 2,000 ರೂಪಾಯಿ ಇದ್ದರೆ ಪರಿಹಾರ 2 ಲಕ್ಷ. ಬಂಗಾರದ ಈಗಿನ ಬೆಲೆಗೆ ಅದು ಎಷ್ಟು ಗ್ರಾಮಿಗೆ ಸಾಲುತ್ತದೋ ಲೆಕ್ಕ ಹಾಕಿ ನೋಡಬೇಕು. ಬ್ಯಾಂಕಿನ ಕಡೆಯಿಂದ ನಿರ್ಲಕ್ಷ್ಯ ಇಲ್ಲದಿದ್ದರೆ ನೆರೆ, ಭೂಕಂಪಕ್ಕೆ ಅದು ಹೊಣೆಯಲ್ಲ.

ಇನ್ನು ರಸೀದಿ. ಆದಾಯ ತೆರಿಗೆ ಶೋಧದಲ್ಲಿ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250, ಪುರುಷನ 100 ಗ್ರಾಂ ವಶಪಡಿಸಿಕೊಳ್ಳಬಾರದೆಂಬ 1994ರ ಸೂಚನೆ ಆಭರಣಕ್ಕೆ ಮಾತ್ರ. ನಾಣ್ಯ, ಗಟ್ಟಿಗೆ ಅನ್ವಯಿಸುವುದಿಲ್ಲ. ಹೀಗಾಗಿ ರಸೀದಿ, ತೂಕ, ಇಸವಿ, ಎರಡೂ ಮಗ್ಗುಲಿನ ಫೋಟೊ ಇರುವ ಕಡತವನ್ನು ನಾಣ್ಯದ ಜೊತೆಗಲ್ಲ, ಬೇರೆ ಕಡೆ ಇಡಬೇಕು.